ಗರುಡನ ಎಡೆ

ಹುಣಸೆಕೊಪ್ಪಲು, ದಂಡಿಗನಹಳ್ಳಿ ಹೋಬಳಿ
೧೦ ನವೆಂಬರ್ ೨೦೨೪

ಮಗಳು ದೀಪಶ್ರೀಗೆ,

ನಿನ್ನವ್ವನ ಆಶೀರ್ವಾದ. ಹೊಳೆನರಸೀಪುರದ ನರಸಿಂಹಸ್ವಾಮಿ ಕಣ್ಣು ಬಿಟ್ಟಿರುವ ತನಕ ನಮಗೆ ಕೊರತೆಯಿಲ್ಲ. ನಿನಗೂ ಆಗದಿರಲಿ.

ಭಾನುವಾರ ಫೋನು ಮಾಡುತ್ತೀಯ, ಅಪ್ಪನ ಹತ್ತಿರ ಮಾತಾಡುತ್ತೀಯ. "ಅವ್ವಂಗೆ ಕೊಡ್ಲೇನವ್ವ?" ಅಂತ ಅವರು ಕೇಳುವಷ್ಟರಲ್ಲಿ ಇಟ್ಟುಬಿಡುತ್ತೀಯ. ನಾನು ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತೇನೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸು ಓದಿದ್ದು ಹಾಲಿನ ಡೇರಿಯಲ್ಲಿ ಸೈನು ಹಾಕುವುದಕ್ಕೆ ಮಾತ್ರ ಅಲ್ಲವಲ್ಲ.

ನಮ್ಮ ಹೊಲದಾಚೆಯ ಹಳೇ ರನ್‌ವೇ ಈಗ ಗುರುತು ಸಿಗುವುದಿಲ್ಲ. ನೀನು ಸೈಕಲ್ ಕಲಿತ ಜಾಗ. ಹುರುಳಿ ಒಣಗಿಸುತ್ತಿದ್ದೆವು, ದನ ಬಿಡುತ್ತಿದ್ದೆವು. ಈಗ ಹುಲ್ಲೆಲ್ಲ ಕೆತ್ತಿ, ಹೊಸದಾಗಿ ಟಾರು ಹಾಕಿ, ಸುತ್ತ ತಂತಿ ಬಿಗಿದಿದ್ದಾರೆ. ಹಾಸನದ ಹತ್ತಿರ ಜನ ಓಡಾಡುವುದಕ್ಕೆ ವಿಮಾನ ನಿಲ್ದಾಣ ಕಟ್ಟುತ್ತಿದ್ದಾರಲ್ಲ, ಅದಲ್ಲ ಇದು. ಇದು ಮಿಲಿಟರಿಯವರದು. ಹೋದ ವಾರ ಒಬ್ಬ ಆಫೀಸರು ಬಂದು ಶಾಲೆ ಮುಂದೆ ಸಭೆ ಕರೆದಿದ್ದರು. ಹಿಂದಿಯಲ್ಲಿ ಅವರು ಹೇಳಿದ್ದನ್ನು ಮೇಷ್ಟ್ರು ಕನ್ನಡ ಮಾಡಿದರು. ಇಲ್ಲಿ ದಿನಾ ವಿಮಾನ ಇರುವುದಿಲ್ಲವಂತೆ. ಕಾಯುವುದಕ್ಕೆ ನಾಕು ಜನ ಇರುತ್ತಾರಂತೆ. ದೊಡ್ಡ ನೆಲೆಗಳಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಅಲ್ಲಿಯ ವಿಮಾನಗಳು ಇಲ್ಲಿಗೆ ಬಂದು ಇಳಿಯಬೇಕಂತೆ. ಹಾಸನ ಹತ್ತಿರ ಇದೆ, ಎಣ್ಣೆಗೂ ಆಸ್ಪತ್ರೆಗೂ ತೊಂದರೆಯಿಲ್ಲ, ಅದಕ್ಕೇ ನಮ್ಮೂರು.

ನಿಮ್ಮಪ್ಪ ಎದ್ದು ನಿಂತು, "ಅಂದ್ರೆ ಸ್ಟೆಪ್ನಿ ಅನ್ನಿ ಸಾ!" ಅಂದರು. ಊರೆಲ್ಲ ನಕ್ಕಿತು. ಮೇಷ್ಟ್ರು ಹೇಳಿದ ಮೇಲೆ ಆಫೀಸರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ರಾಗಿ ಬೀಸುವಾಗ ಹೊಳೆಯಿತು, ಸ್ಟೆಪ್ನಿ ಇಳಿಸುವುದು ಯಾವಾಗ? ದಾರಿಯಲ್ಲಿ ಚಕ್ರ ಸಿಡಿದಾಗ ತಾನೇ?

ನೀನು ವಿಮಾನ ಬಿಡುವುದನ್ನು ನಾನು ಕಂಡಿಲ್ಲ. ಮೇಲೆ ಯಾವುದಾದರೂ ಸದ್ದಾದರೆ ಅಂಗಳಕ್ಕೆ ಬರುತ್ತೇನೆ. ನಿನ್ನ ಹೆಸರಿನಲ್ಲಿ ಒಂದು ಹರಕೆ ಹೊತ್ತಿದ್ದೇನೆ. ಏನು ಅಂತ ಈಗಲೇ ಬಾಯಿ ಬಿಡಬಾರದು.

ತಲೆಗೆ ಎಣ್ಣೆ ಹಚ್ಚುತ್ತಿರು.

ನಿನ್ನವ್ವ
ನಂಜಮ್ಮ

*

ಊರಿನ ಹೆಸರು ಬರೆಯುವ ಹಾಗಿಲ್ಲ
೨ ಡಿಸೆಂಬರ್ ೨೦೨೪

ಅವ್ವ,

ನಿನ್ನ ಕಾಗದ ಬಂದಾಗ ನನ್ನ ರೂಮಿನವರೆಲ್ಲ ಸುತ್ತ ನಿಂತು ನೋಡಿದರು. ಇನ್‌ಲ್ಯಾಂಡ್ ಲೆಟರ್ ಅನ್ನುವುದನ್ನೇ ಕಂಡಿರಲಿಲ್ಲ ಅವರು.

ಫೋನು ಇಡುವುದು ಸಿಟ್ಟಿಗೆ ಅಂತ ತಿಳಿದಿದ್ದೀಯ. ಸಿಟ್ಟೇ. ನಾನು ಆಫೀಸರಾದ ಪೆರೇಡಿನ ದಿನ ಎಲ್ಲರ ಅಪ್ಪ ಅವ್ವಂದಿರು ಬಂದು ಮಕ್ಕಳ ಹೆಗಲ ಮೇಲೆ ಪಟ್ಟಿ ಕಟ್ಟಿದರು. ನನಗೆ ಒಂದು ಕಡೆ ಅಪ್ಪ ಕಟ್ಟಿದ. ಇನ್ನೊಂದು ಕಡೆ ಅಲ್ಲಿ ಕಲಿಸುವ ಯಾರೋ ಮೇಷ್ಟ್ರು ಕಟ್ಟಿದರು. ನಿನ್ನ ಹೆಸರು ಅಂಟಿಸಿದ್ದ ಕುರ್ಚಿ ಖಾಲಿ ಇತ್ತು. "ಅವ್ವಂಗೆ ಮೈ ಉಸಾರಿಲ್ಲ" ಅಂತ ಅಪ್ಪ ಸುಳ್ಳು ಹೇಳಿದ. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಾನು ಓಡಿಸುವುದು ಸಾಮಾನು, ಜನ ಸಾಗಿಸುವ ವಿಮಾನ. ಯುದ್ಧದ್ದಲ್ಲ. ಪಕ್ಕದ ಸೀಟಿನಲ್ಲಿ ದೊಡ್ಡವರು ಕೂತಿರುತ್ತಾರೆ. ಊರಿನ ನೆಲೆಯ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯುವ ಹಾಗಿಲ್ಲ. ಇಷ್ಟು ಹೇಳುತ್ತೇನೆ: ಅಲ್ಲಿ ವಿಮಾನಗಳು ಸಾಲಾಗಿ ಇಳಿಯುವ ದಿನ ಬರದಿರಲಿ ಅಂತ ನಿನ್ನ ದೇವರಿಗೆ ಕೈ ಮುಗಿ.

ಹರಕೆ ಏನೇ ಇರಲಿ, ನನಗಾಗಿ ಉಪವಾಸ ಮಾತ್ರ ಮಾಡಬೇಡ.

ದೀಪಾ

*

ಹುಣಸೆಕೊಪ್ಪಲು
೧೬ ಫೆಬ್ರವರಿ ೨೦೨೫

ದೀಪಾ,

ಆಶೀರ್ವಾದ. ನಿನ್ನ ಕಾಗದ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಕುರ್ಚಿ ವಿಷಯ ಓದಿದೆ. ಹೆದರಿಕೆಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಿಗೆ ನನಗೆ ಹೇಳಲು ಬರುವುದಿಲ್ಲ.

ಅವರೆಕಾಯಿ ಮುಗಿಯಿತು, ಒಕ್ಕಣೆಯೂ ಮುಗಿಯಿತು. ಅದಕ್ಕೇ ಬರೆಯುವುದು ತಡವಾಯಿತು. ಹೋದ ಸೋಮವಾರ ನಮ್ಮ ಸ್ಟೆಪ್ನಿ ಮೇಲೆ ಮೊದಲನೇ ವಿಮಾನ ಇಳಿಯಿತು. ಬೂದಿ ಬಣ್ಣದ್ದು, ಹೊಟ್ಟೆ ದಪ್ಪ. ಹೊಲದ ತುದಿಯ ನಮ್ಮ ಬಂಡೆಯ ಮೇಲೆ ಎಷ್ಟು ತಗ್ಗಿನಲ್ಲಿ ಹೋಯಿತು ಅಂದರೆ ಕೆಲಸಕ್ಕೆ ಬಂದಿದ್ದ ಮಾಯಮ್ಮ ಹೊರೆ ಬಿಸಾಕಿ ಬದುವಿನಲ್ಲಿ ಕೂತುಬಿಟ್ಟಳು. ಚಕ್ರ ನೆಲಕ್ಕೆ ಮುಟ್ಟಿಸಿ, ಹಾಗೇ ಎದ್ದು ಹೋಯಿತು. ಒಂದು ಕೂದಲೂ ಕೊಂಕಲಿಲ್ಲ. ಅವತ್ತೇ ತಿಳಿಯಿತು ಸ್ವಾಮಿ ಒಪ್ಪಿಕೊಂಡಿದ್ದಾನೆ ಅಂತ. ಇನ್ನು ಹೇಳಿದರೆ ತಪ್ಪಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಗಂಗಯ್ಯ ದಾಸಯ್ಯ ಶಂಖ ಜಾಗಟೆ ತಗೊಂಡು ಬಾಗಿಲಿಗೆ ಬಂದಿದ್ದ. ಮೊರದಲ್ಲಿ ಅಕ್ಕಿ ಕೊಟ್ಟು ನಿನ್ನ ವಿಷಯ ಹೇಳಿದೆ. ಕಣ್ಣು ಮುಚ್ಚಿ ನಿಂತ. "ನೆಲದ ಮ್ಯಾಲೆ ಇರೋಳ್ಗೆ ನೆಲದ ದ್ಯಾವ್ರು ಸಾಕು ಕಣವ್ವ. ನಿನ್ ಮಗ್ಳು ಆಕಾಸ್ದಾಗೆ ಓಡಾಡೋಳು. ಅಲ್ಲಿ ಯಜಮಾನ ಯಾರು? ಗರುಡಪ್ಪ. ಅವ್ನ ಒಟ್ಟೆ ತಣ್ಣಗಿಟ್ರೆ ಅವ್ಳ ದಾರಿ ತಣ್ಣಗಿರ್ತದೆ" ಅಂದ. ನನಗೂ ಸರಿ ಅನ್ನಿಸಿತು. ಭಾನುವಾರ ಭಾನುವಾರ ಸ್ನಾನ ಮಾಡಿ, ಕೋಳಿ ಕುಯ್ಸಿ, ಮುತ್ತುಗದ ಎಲೆಯಲ್ಲಿ ಹೊಲದ ತುದಿಯ ಬಂಡೆ ಮೇಲೆ ಎಡೆ ಇಟ್ಟು ಬರುತ್ತೇನೆ. ಮೊದಲು ಒಂದೇ ಗರುಡ ಬರುತ್ತಿತ್ತು, ಬಿಳೀ ಕೊರಳಿನದು. ಕೆನ್ನೆ ಬಡಿದುಕೊಂಡು ನಿಲ್ಲುತ್ತಿದ್ದೆ. ಆಮೇಲೆ ಹದ್ದುಗಳೂ ಸೇರಿಕೊಂಡವು. ಈಗ ನಾನು ಬುಟ್ಟಿ ತಗೊಂಡು ಮನೆ ಬಿಟ್ಟರೆ ಸಾಕು, ತಲೆ ಮೇಲೆ ಸುತ್ತು ಹಾಕಿಕೊಂಡು ಜೊತೆಗೇ ಬರುತ್ತವೆ. ನೆರಳು ನೆಲದ ಮೇಲೆ ಓಡುತ್ತಾ ಇರುತ್ತದೆ. ಛತ್ರಿ ಹಿಡಿದ ಹಾಗೆ.

ಅವತ್ತು ವಿಮಾನ ಸುಖವಾಗಿ ಇಳಿದು ಎದ್ದ ಮೇಲೆ ಊರಿನವರೂ ಶುರು ಮಾಡಿದ್ದಾರೆ. ಲಾರಿ ಓಡಿಸುವವನ ಹೆಂಡತಿ, ಗಲ್ಫಿಗೆ ಹೋದವನ ತಾಯಿ, ಎಲ್ಲರೂ. ಚನ್ನರಾಯಪಟ್ಟಣದಿಂದ ಕೋಳಿಯ ಕರುಳು, ಕಾಲುಗಳನ್ನು ಗೋಣಿಯಲ್ಲಿ ತರಿಸುತ್ತಾರೆ. ನಾನು ಮಾತ್ರ ಇಡೀ ಕೋಳಿ ಇಡುತ್ತೇನೆ. ದೇವರಿಗೆ ಕೊಡುವುದರಲ್ಲಿ ಚೌಕಾಸಿ ಮಾಡಬಾರದು.

ಪಂಚಾಯ್ತಿಯವರು ಮೊನ್ನೆ ತಮಟೆ ಸಾರಿಸಿದರು. ರನ್‌ವೇ ಸುತ್ತ ಯಾರೂ ಮಾಂಸದ ಕಸ ಹಾಕಬಾರದಂತೆ. ಮಾಯಮ್ಮ, "ಅಮ್ಮಾರೆ, ನಾವು ಬಂಡೆ ಮ್ಯಾಲೆ ಆಕ್ತೀವಲ್ಲ, ಅದು?" ಅಂದಳು.

"ಥೂ, ಬಾಯಿ ತೊಳ್ಕೊಳ್ಳೆ! ಅದು ಕಸ ಕಣೆ. ಇದು ಎಡೆ" ಅಂದೆ.

ಅವಳು ಹೊರೆ ಎತ್ತಿಕೊಂಡು ಹೊರಟಳು. ಆದರೆ ಅವಳ ಮುಖ ಸರಿಯಿರಲಿಲ್ಲ.

ನಿನ್ನವ್ವ
ನಂಜಮ್ಮ

*

೩ ಮಾರ್ಚ್ ೨೦೨೫

ಅವ್ವ,

ಇವತ್ತೇ ನಿಲ್ಲಿಸು. ಈ ಕಾಗದ ಓದಿ ಮುಗಿಸುವ ಮುಂಚೆ ನಿಲ್ಲಿಸು. ಅಪ್ಪನಿಗೂ ಫೋನಿನಲ್ಲಿ ಹೇಳಿದೆ. "ನಿಮ್ಮವ್ವ ದ್ಯಾವ್ರ ವಿಸ್ಯದಲ್ಲಿ ನನ್ ಮಾತು ಯಾವತ್ತು ಕೇಳವ್ಳೆ" ಅಂತ ನಗುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ಇಳಿಯುವ ವೇಗದಲ್ಲಿ ಎದುರಿಗೆ ಒಂದು ಹದ್ದು ಬಂದರೆ ಅದು ಹದ್ದಲ್ಲ, ಬೀಸಿ ಎಸೆದ ಗುಂಡುಕಲ್ಲು. ಎಂಜಿನ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ತಿರುಗುವ ರೆಕ್ಕೆ ತುಂಡಾಗುತ್ತದೆ, ಬೆಂಕಿ ಹತ್ತುತ್ತದೆ. ಎತ್ತರದಲ್ಲಿದ್ದರೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ಬಂಡೆಯ ಮೇಲೆ ಬರುವಾಗ ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ನನ್ನ ಜೊತೆ ಕಲಿತವನೊಬ್ಬ ಹೀಗೇ ಹೋದ. ಅವನ ಅಮ್ಮನಿಗೆ ಕೊಡಲು ಅವನ ಬೂಟು ತೊಳೆದವಳು ನಾನು. ನಿನಗೆ ಹೇಳಿರಲಿಲ್ಲ.

ನೀನು ಎಡೆ ಅನ್ನುತ್ತೀಯ, ನಾವು ಕಸ ಅನ್ನುತ್ತೇವೆ. ಹದ್ದಿಗೆ ಎರಡೂ ಒಂದೇ ಅವ್ವ. ಗರುಡ ಅಂತ ಎಂಜಿನ್‌ಗೂ ಗೊತ್ತಾಗುವುದಿಲ್ಲ.

ಊರಿನವರಿಗೂ ಹೇಳು. ಅಲ್ಲಿಗೆ ಬರುವುದು ನಾನೇ ಆಗಿರಬಹುದು.

ದೀಪಾ

*

ಹುಣಸೆಕೊಪ್ಪಲು
೨೭ ಮಾರ್ಚ್ ೨೦೨೫

ದೀಪಾ,

ಕಾಗದ ಬಂದ ದಿನವೇ ನಿಲ್ಲಿಸಿದೆ. ನಾನು ನಿಲ್ಲಿಸಿದೆ, ಅವು ನಿಲ್ಲಿಸಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ತೆಂಗಿನ ಮರದ ಮೇಲೆ, ಬೋರ್‌ವೆಲ್ ಮೋಟರಿನ ಕಂಬದ ಮೇಲೆ, ತಂತಿಬೇಲಿ ಮೇಲೆ ಸಾಲಾಗಿ ಕೂತಿರುತ್ತವೆ. ಕೂಗುವುದಿಲ್ಲ. ನೋಡುತ್ತಿರುತ್ತವೆ. ನಾನು ದನಕ್ಕೆ ನೀರು ತರುವುದಕ್ಕೆ ಹೋದರೂ ಜೊತೆಗೆ ಬರುತ್ತವೆ. ಕೈಯಲ್ಲಿ ಬರೀ ಕೊಡ ಇದ್ದರೂ ಸರಿಯೇ. ಮೊನ್ನೆ ಒಂದು ಹದ್ದು ಇಳಿದು ಬಂದು ನನ್ನ ಸೆರಗು ಕಿತ್ತಿತು.

ಊರಿನವರಿಗೆ ಹೇಳಿದೆ. ಯಾರೂ ಕೇಳಲಿಲ್ಲ. ಗಲ್ಫಿನವನ ತಾಯಿ, "ನಿನ್ ಅರಕೆ ತೀರ್ತು, ನಮ್ದು ಬ್ಯಾಡ ಅಂತೀಯಾ? ನಿನ್ ಮಗ್ಳೇ ಮಗ್ಳು, ನಮ್ ಮಕ್ಳು ಮಣ್ಣಾ?" ಅಂದಳು. ಗಂಗಯ್ಯನಿಗೆ ಹೇಳಿ ಕಳಿಸಿದೆ. ಬಂದು, ಅರ್ಧಕ್ಕೆ ಬಿಟ್ಟ ಹರಕೆ ಹೊತ್ತವರಿಗೇ ತಿರುಗುತ್ತದೆ ಅಂತ ಎಲ್ಲರ ಮುಂದೆ ಹೇಳಿದ. "ನಂಗೇ ತಿರುಗ್ಲಿ ಬುಡು ದಾಸಪ್ಪ, ನಾನು ನೆಲದ ಮ್ಯಾಲಿರೋಳು" ಅಂದೆ. ಅವನು ಅಕ್ಕಿ ತಗೊಳ್ಳದೆ ಹೋದ. ನಮ್ಮ ಬಾಗಿಲಿನಿಂದ ದಾಸಯ್ಯ ಬರಿಗೈಲಿ ಹೋಗಿದ್ದು ಇದೇ ಮೊದಲು.

ಗೇಟಿಗೂ ಹೋದೆ. ಕಾವಲಿಗೆ ನಮ್ಮ ಕಡೆಯ ಹುಡುಗ ರುದ್ರೇಶ ಇದ್ದಾನೆ. "ಅತ್ತೆ, ಆಫೀಸರ್‌ಗೂ ಗೊತ್ತು. ಅದ್ಕೇ ದಿನಾ ಪಟಾಕಿ ಒಡೀತಾ ಇರದು" ಅಂದ. ಪಟಾಕಿಗೆ ಏಳುತ್ತವೆ, ರನ್‌ವೇ ಮೇಲೆ ಒಂದು ಸುತ್ತು ಹಾಕುತ್ತವೆ, ಮತ್ತೆ ಬಂಡೆಗೇ ಬರುತ್ತವೆ. ಶುಕ್ರವಾರ ಬಂದೂಕಿನಿಂದ ಹೊಡೆದರು. ಬಿಳೀ ಕೊರಳಿನ ಗರುಡ ನಮ್ಮ ಹೊಲದಲ್ಲಿ ಬಿತ್ತು. ಹುಡುಗರಿಗೆ ಮುಟ್ಟಲು ಬಿಡಲಿಲ್ಲ. ನಾನೇ ಅರಿಶಿನ ಬಟ್ಟೆಯಲ್ಲಿ ಸುತ್ತಿ, ಹಾಲು ಬಿಟ್ಟು ಮಣ್ಣು ಮಾಡಿದೆ. ಎರಡು ದಿನ ದೇವರ ಮುಂದೆ ದೀಪ ಹಚ್ಚುವುದಕ್ಕೆ ಕೈ ಬರಲಿಲ್ಲ.

ಇನ್ನೊಂದು. ಮಾಯಮ್ಮ ಜೋಳದ ಹೊಲ ಕಾಯುವ ಹಾಗೆ ಎಣ್ಣೆ ಡಬ್ಬ ಬಡಿದುಕೊಂಡು ಬಂಡೆಗೆ ಹೋದರೆ ಅವು ಚದುರಿ ಹೋಗುತ್ತವೆ. ಅದೇ ಡಬ್ಬ ನಾನು ಬಡಿದರೆ ಹತ್ತಿರ ಬರುತ್ತವೆ. ಮಾಯಮ್ಮ ಅದನ್ನು ನೋಡಿ, "ಅಮ್ಮಾರೆ, ನೀವು ಒಳೀಕೋಗಿ" ಅಂದಳು.

ನಿಮ್ಮಪ್ಪ ಟೀ ಅಂಗಡಿಯಲ್ಲಿ, "ನಮ್ ದೀಪ ಒಂದಿನ ಇಲ್ಲೇ ಇಳೀತಾಳೆ, ನೋಡ್ತಿರ್ರಲಾ" ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಬಾಯಿ ಮುಚ್ಚಿಕೊಳ್ಳಿ ಅಂದರೆ ಕೇಳುವುದಿಲ್ಲ.

ಬರಬೇಡ ದೀಪಾ. ನಿನ್ನ ಕೈಲಿ ಇದ್ದರೆ ಇಲ್ಲಿಗೆ ಮಾತ್ರ ಬರಬೇಡ.

ನಂಜಮ್ಮ

*

೨೬ ಏಪ್ರಿಲ್ ೨೦೨೫

ಅವ್ವ,

ಇದು ಚಿಕ್ಕ ಕಾಗದ. ಗಡಿಯ ಸುದ್ದಿ ಕೇಳಿರುತ್ತೀರಿ. ರಜೆಗಳೆಲ್ಲ ರದ್ದಾಗಿವೆ. ನಾಳೆಯಿಂದ ಫೋನುಗಳನ್ನು ಕೊಟ್ಟುಬಿಡಬೇಕು. ನಾನು ಕರೆ ಮಾಡದಿದ್ದರೆ ಗಾಬರಿಯಾಗಬೇಡಿ. ಟಿವಿಯವರು ಹೇಳುವುದನ್ನೆಲ್ಲ ನಂಬಲೂ ಬೇಡಿ.

ಬರುವುದು, ಬಿಡುವುದು ನನ್ನ ಕೈಯಲ್ಲಿಲ್ಲ. ಎಲ್ಲಿಗೆ ಅಂತ ಹೇಳಿದರೆ ಅಲ್ಲಿಗೆ. ಅಪ್ಪನಿಗೆ ಹೇಳು, ಅವನ ತಮಾಷೆ ನಿಜವಾದರೂ ಆಗಬಹುದು.

ಹಾಗೇನಾದರೂ ಆದರೆ, ಗೇಟಿನ ಹತ್ತಿರ ಐದು ನಿಮಿಷ ಬಿಡುತ್ತೀರಾ ಅಂತ ಕೇಳುತ್ತೇನೆ. ಬಿಡುತ್ತಾರೆ ಅನ್ನಿಸುತ್ತದೆ. ಬಾ ಅವ್ವ. ಪೆರೇಡಿನ ಮಾತು ಇನ್ನು ಎತ್ತುವುದಿಲ್ಲ. ಉಪ್ಪಿನಕಾಯಿ, ರೊಟ್ಟಿ ಏನೂ ತರಬೇಡ. ನೀನು ಬಂದರೆ ಸಾಕು.

ದೀಪಾ

*

ರುದ್ರಪಟ್ಟಣ, ಅರಕಲಗೂಡು ತಾಲ್ಲೂಕು
೧೧ ಮೇ ೨೦೨೫

ದೀಪಾ, ನನ್ನ ಕಂದಾ,

ನಾನು ಈಗ ನಿನ್ನ ದೇವರಾಜ್ ಮಾವನ ಮನೆಯಲ್ಲಿದ್ದೇನೆ. ಯಾಕೆ ಅಂತ ನಿಮ್ಮಪ್ಪನ ಬಾಯಿಂದ ಕೇಳಿದರೆ ಸಿಟ್ಟಾಗುತ್ತೀಯ. ನನ್ನ ಬಾಯಿಂದಲೇ ಕೇಳು.

ನಿನ್ನ ಕಾಗದವನ್ನು ನಿಮ್ಮಪ್ಪ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಓದಿದರು. ಊರಿನವರಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ಅಂತ ನನಗೂ ಗೊತ್ತಿರಲಿಲ್ಲ. ಮನೆಮನೆಯಿಂದ ದುಡ್ಡು ಎತ್ತಿ ಒಂದು ಟಗರು ತಂದರು. ಹೋದ ಭಾನುವಾರ ಬೆಳಿಗ್ಗೆ ಬಂಡೆ ಮೇಲೆ ಕಡಿದು ಗರುಡನಿಗೆ ದೊಡ್ಡೆಡೆ ಇಟ್ಟರು. ನನ್ನ ಜೊತೆ ಜಗಳ ಆಡಿದ ಗಲ್ಫಿನವನ ತಾಯಿಯೇ ಮುಂದೆ ನಿಂತಿದ್ದಳು. "ನಿನ್ ಮಗ್ಳು ನಮ್ ಮಗ್ಳಲ್ವಾ ನಂಜಕ್ಕ? ನೀನು ಬುಟ್ರೂ ನಾವು ಬುಡಲ್ಲ" ಅಂತ ನನ್ನ ಕೈ ಹಿಡಿದುಕೊಂಡಳು. ಮೇಲೆ ನೋಡಿದೆ. ಅಷ್ಟೊಂದು ಹದ್ದುಗಳನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬಿಸಿಲೇ ಮಂಕಾಗಿತ್ತು.

ನಾನು ಎಡೆಯನ್ನು ಕಾಲಿನಲ್ಲಿ ಒದ್ದೆ ದೀಪಾ. ಇಟ್ಟ ಎಡೆಯನ್ನು, ಎಲೆಯ ಸಮೇತ, ಬಂಡೆಯಿಂದ ಕೆಳಕ್ಕೆ ಒದ್ದೆ. ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿ ಕೆರೆಯ ಕಡೆಗೆ ಓಡಿದೆ. ಹಿಂದೆ ಜನ ಬೈಯುವುದು ಕೇಳುತ್ತಿತ್ತು. ನಿಮ್ಮಪ್ಪ, "ಲೇ ನಂಜಿ! ನಿಂಗೇನ್ ಗಾಳಿ ಮೆಟ್ಕೊಂಡೈತಾ?" ಅಂತ ಅರಚುತ್ತಿದ್ದರು. ತಿರುಗಿ ನೋಡಿದರೆ ಬಂಡೆಯ ಮೇಲೆ ಅಷ್ಟೆಲ್ಲ ರಕ್ತ ಚೆಲ್ಲಿದ್ದರೂ ಅವು ಅಲ್ಲಿಲ್ಲ. ನನ್ನ ನೆತ್ತಿ ಮೇಲಿವೆ. ಬುಟ್ಟಿಗಲ್ಲ, ನನಗೆ ಬಂದಿದ್ದವು. ಕೆರೆ ಹತ್ತಿರ ಬುಟ್ಟಿ ಬಿಸಾಕಿ ಬರಿಗೈಲಿ ವಾಪಸು ಹೊರಟೆ. ಅರ್ಧಕ್ಕರ್ಧ ನನ್ನ ಜೊತೆಗೇ ತಿರುಗಿದವು.

ಮಾಯಮ್ಮ ಓಡಿ ಬಂದಳು. ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದ್ದೇನೆ, ಆದರೂ ಅಲ್ಲಿಯವರೆಗೆ ನನ್ನ ಹೆಸರು ಹಿಡಿದು ಕರೆದವಳಲ್ಲ. ಅವತ್ತು ಕರೆದಳು. "ನಂಜೀ, ನೀನಿರೋಗಂಟ ಅವು ಓಗಲ್ಲ ಕಣೆ. ಊರು ಬುಡು. ಬಂಡೆ ನಾನು ನೋಡ್ಕತೀನಿ" ಅಂದಳು.

ಅವತ್ತು ಮಧ್ಯಾಹ್ನವೇ ಬಸ್ಸು ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿದೆ. ಹೊಳೆನರಸೀಪುರ ಬಂತು. ಗೋಪುರ ಕಂಡಿತು. ಯಾವತ್ತೂ ಇಳಿಯದೆ ಹೋದವಳಲ್ಲ, ಈ ಸಲ ಸೆರಗು ಮುಖಕ್ಕೆ ಎಳೆದುಕೊಂಡು ಕೂತೆ. ಎಡೆ ಒದ್ದ ಕಾಲಿನಲ್ಲಿ ಅವನ ಮೆಟ್ಟಿಲು ಹತ್ತುವುದು ಹೇಗೆ?

ಬುಧವಾರ ಸಾಯಂಕಾಲ ನಿಮ್ಮಪ್ಪ ಫೋನು ಮಾಡಿದರು. ಜೋರು ದನಿಯವರು, ಅವತ್ತು ಪಿಸುಗುಟ್ಟುತ್ತಿದ್ದರು. ಊರಿನಲ್ಲಿ ದೀಪ ಹಚ್ಚಬಾರದು ಅಂದಿದ್ದಾರೆ, ವಿಮಾನಗಳು ಬಂದಿವೆ, ಒಂದರ ಹಿಂದೆ ಒಂದು ಇಳಿದವು ಅಂದರು. "ಅದ್ದುಗ್ಳು?" ಅಂದೆ. ಮಾಯಮ್ಮ ಮನೆಯವರನ್ನೆಲ್ಲ ಕಟ್ಟಿಕೊಂಡು ಮೂರು ದಿನದಿಂದ ಡಬ್ಬ ಬಡಿಯುತ್ತಿದ್ದಾಳೆ, ನಾನು ಹೋದ ಮೇಲೆ ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ ಅಂದರು. ಆಮೇಲೆ ಹೇಳಿದರು: "ದೀಪ ಗೇಟ್ ತಾವ್ ಬಂದಿದ್ಲು ಕಣೆ. ಸಣ್ಣಗಾಗವ್ಳೆ. ಅವ್ವ ಎಲ್ಲಿ ಅಂದ್ಲು. ನಾನು... ಮೈ ಉಸಾರಿಲ್ಲ ಅಂದೆ."

ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ನೀನೇ ಬರೆದಿದ್ದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನನಗೆ ಮೈ ಚೆನ್ನಾಗಿಯೇ ಇತ್ತು. ನಾನು ಬಂದು ಗೇಟಿನಲ್ಲಿ ನಿಂತಿದ್ದರೆ ಅವೂ ನನ್ನ ಜೊತೆ ಗೇಟಿಗೆ ಬರುತ್ತಿದ್ದವು. ನಿನ್ನ ಮುಖ ಐದು ನಿಮಿಷ ನೋಡುತ್ತಿದ್ದೆ. ಆಮೇಲೆ ನೀನು ಹತ್ತಿ ಹೊರಡುವಾಗ ನನ್ನ ನೆತ್ತಿಯ ಮೇಲೆ ಇರುವುದೆಲ್ಲ ನಿನ್ನ ದಾರಿಯಲ್ಲಿ ಇರುತ್ತಿತ್ತು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಎಲ್ಲ ವಿಮಾನಗಳೂ ಎದ್ದು ಹೋದವಂತೆ. ಯಾವುದಕ್ಕೂ ಏನೂ ಆಗಲಿಲ್ಲ, ಬಂಡೆಯ ಹತ್ತಿರವೇ ನಿಂತು ನೋಡಿದೆ ಅಂತ ಮಾಯಮ್ಮ ಆಣೆ ಮಾಡಿದಳಂತೆ. ಅಷ್ಟು ಸಾಕು ನನಗೆ. ನೀನು ಯಾವುದರಲ್ಲಿ ಇದ್ದೆಯೋ, ಯಾವ ದಿಕ್ಕಿಗೆ ಹೋದೆಯೋ ಯಾರಿಗೂ ತಿಳಿಯದು. ರುದ್ರೇಶನನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ನಿನ್ನೆಯಿಂದ ಟಿವಿಯಲ್ಲಿ ಯುದ್ಧ ನಿಂತಿತು ಅನ್ನುತ್ತಾರೆ. ನಿನ್ನ ಫೋನು ಇನ್ನೂ ಬಂದಿಲ್ಲ.

ಇಲ್ಲಿ ಹೊಳೆಗೆ ಹೋಗುವುದಿಲ್ಲ, ಅಂಗಳಕ್ಕೂ ಬರುವುದಿಲ್ಲ. ಮಾವ, "ಯಾಕಕ್ಕ, ಬಾಣಂತಿ ಅಂಗೆ ಒಳ್ಗೇ ಕೂತಿದ್ದೀಯ?" ಅಂತ ಗೇಲಿ ಮಾಡುತ್ತಾನೆ. ಆಕಾಶ ನೋಡುವುದಕ್ಕೆ ಹೆದರಿಕೆ ಅಂತ ಹೇಗೆ ಹೇಳಲಿ ಅವನಿಗೆ?

ಒಂದೇ ಒಂದು ಯೋಚನೆ ತಲೆಯಲ್ಲಿ ಕೊರೆಯುತ್ತಾ ಇದೆ. ನಮ್ಮೂರಿನ ಬಂಡೆ ನನಗೆ ಗೊತ್ತಿತ್ತು, ಒದ್ದೆ. ನೀನು ಈಗ ಇಳಿಯಬೇಕಾಗಿರುವ ಊರು ಯಾವುದೋ. ಅಲ್ಲಿ ಯಾವ ತಾಯಿ, ಯಾವ ಮಗುವಿನ ಹೆಸರು ಹೇಳಿಕೊಂಡು, ಯಾವ ಬಂಡೆಯ ಮೇಲೆ ಎಡೆ ಇಟ್ಟು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಳೋ.

ನಿನ್ನವ್ವ
ನಂಜಮ್ಮ